ಬ್ಯಾಕಿಗೆ ನಿಂತವನು

ಫುಟ್‌ಬಾಲ್ ಪಂದ್ಯದಲ್ಲಿ ಒಂದೊಂದು ಕಡೆಗೆ ಹನ್ನೊಂದು ಮಂದಿ ಆಡುತ್ತಾರೆಂಬುದು ಹೆಸರಿಗೆ ಮಾತ್ರ ನಿಜ. ಮರುದಿನದ ಪತ್ರಿಕೆಯನ್ನು ಬಿಡಿಸಿ ನೋಡಿದರೆ ಆಡಿದವರು ಇಬ್ಬರೋ ಮೂವರೋ ಎನ್ನುವಂತಿರುತ್ತದೆ. ಗೋಲು ಹೊಡೆದ ಮಹಾಶಯನೊಬ್ಬ, ಅವನ ಕಾಲಿಗೆ ಚೆಂಡನ್ನು ಒದಗಿಸಿಕೊಟ್ಟವನೊಬ್ಬ, ದೈವ ಒಲಿದಿದ್ದರೆ ಗೋಲುಕಂಬಗಳ ನಡುವೆ ನಿಂತವನೊಬ್ಬ. ನಾವು ಹುಡುಗರಾಗಿದ್ದಾಗ 'ಬ್ಯಾಕು' ಎಂದು ಕರೆಯುತ್ತಿದ್ದ, ಈಗಿನ ವರದಿಗಾರರು 'ರಕ್ಷಣಾ ಆಟಗಾರ' ಎಂದು ಮರ್ಯಾದೆಯಿಂದ ಕರೆಯುವ ಆ ಆಸಾಮಿಯ ಹೆಸರು ಅಚ್ಚಾಗಬೇಕಾದರೆ ಅವನು ಎಲ್ಲಿಯೋ ಕಾಲು ಜಾರಿರಬೇಕು. ಕೆರೆಯ ಏರಿ ಭದ್ರವಾಗಿ ನಿಂತ ವರ್ಷ ಊರಿನಲ್ಲಿ ಅದರ ಮಾತನ್ನು ಯಾರೂ ಎತ್ತುವುದಿಲ್ಲ. ಬಿರುಕು ಬಿಟ್ಟ ವರ್ಷ ಬೇರೆ ಮಾತೇ ಇರುವುದಿಲ್ಲ.

ನಮ್ಮ ಬೀದಿಯ ತಂಡದಲ್ಲಿ ಬ್ಯಾಕಿಗೆ ನಿಲ್ಲಿಸುತ್ತಿದ್ದುದು ಓಡಲಾರದ ದಪ್ಪ ಹುಡುಗನನ್ನು, ಕನ್ನಡಕ ಹಾಕಿದವನನ್ನು, ಅದೂ ಸಾಲದಿದ್ದರೆ ಯಾರದಾದರೂ ಹಟಮಾರಿ ತಮ್ಮನನ್ನು. ನಾನು ಕನ್ನಡಕದವನು. ಆದ್ದರಿಂದ ಬ್ಯಾಕುಗಳ ವಿಷಯದಲ್ಲಿ ನನಗೆ ಸ್ವಲ್ಪ ಪಕ್ಷಪಾತವಿದೆಯೆಂದು ಓದುಗರು ಭಾವಿಸಿದರೆ ಅಲ್ಲಗಳೆಯುವುದಿಲ್ಲ. ಆದರೆ ಇಲ್ಲಿ ನಾನು ಹೇಳಹೊರಟಿರುವ ಬ್ಯಾಕು ಅಂಥಿಂಥವನಲ್ಲ. ಫ್ರಾನ್ಸಿನ ಲಿಲಿಯನ್ ತುರಾಮ್. 1991ರಿಂದ 2008ರವರೆಗೆ ಊರಿಂದೂರಿಗೆ ಹೋಗಿ, ಮೊನಾಕೊ, ಪಾರ್ಮಾ, ಟ್ಯೂರಿನ್, ಬಾರ್ಸಿಲೋನಾ ಎಂದು ನಾಲ್ಕು ಊರಿನ ತಂಡಗಳಿಗೆ ಬ್ಯಾಕಿಗೆ ನಿಂತವನು. ತನ್ನ ದೇಶದ ಪರವಾಗಿ ಆಡಿದ ಪಂದ್ಯಗಳು 142. 2022ರಲ್ಲಿ ಗೋಲ್‌ಕೀಪರ್ ಹ್ಯೂಗೊ ಲೋರಿಸ್ ದಾಟುವವರೆಗೆ ಫ್ರಾನ್ಸಿನಲ್ಲಿ ಅದೇ ದಾಖಲೆ. ಈ 142 ಪಂದ್ಯಗಳಲ್ಲಿ ಆತ ಹೊಡೆದ ಗೋಲು ಒಟ್ಟು ಎರಡು. ಆ ಎರಡನ್ನೂ ಒಂದೇ ರಾತ್ರಿ ಹೊಡೆದ. ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ.

ವೃತ್ತಿಯ ಆಟಗಾರ ತಂಡ ಬದಲಾಯಿಸುವುದನ್ನು ಟ್ರಾನ್ಸ್‌ಫರ್ ಎನ್ನುತ್ತಾರೆ. ನಮ್ಮಂಥ ನೌಕರಿಯವರ ಕಿವಿಗೆ ಆ ಮಾತು ಬಿದ್ದರೆ ಎದೆ ಝಲ್ಲೆನ್ನುತ್ತದೆ. ವರ್ಗವಾಯಿತೆಂದರೆ ಮಕ್ಕಳ ಟಿ.ಸಿ. ತರಬೇಕು, ಗ್ಯಾಸಿನ ಸಿಲಿಂಡರು ಹಿಂದಿರುಗಿಸಬೇಕು, ಹೊಸ ಊರಿನಲ್ಲಿ ನಲ್ಲಿಯಲ್ಲಿ ನೀರು ಬರುವಂಥ ಬಾಡಿಗೆ ಮನೆಯನ್ನು ಹುಡುಕಬೇಕು. ಮೂವತ್ತೊಂದು ವರ್ಷದ ನೌಕರಿಯಲ್ಲಿ ನನಗೆ ಏಳು ಸಲ ವರ್ಗವಾಯಿತು. ಒಂದು ಸಲವೂ ನನ್ನನ್ನು ಯಾರೂ ದುಡ್ಡು ಕೊಟ್ಟು ಕರೆಸಿಕೊಂಡದ್ದಿಲ್ಲ. ಕಳುಹಿಸಿದವರು ನಿಟ್ಟುಸಿರು ಬಿಟ್ಟದ್ದುಂಟು. ತುರಾಮನಂಥವರ ವರ್ಗವೇ ಬೇರೆ. ಅಲ್ಲಿ ಆಳನ್ನು ಬಿಟ್ಟುಕೊಡುವುದಕ್ಕೆ ಒಂದು ತಂಡ ಇನ್ನೊಂದು ತಂಡದಿಂದ ಕೋಟಿಗಟ್ಟಲೆ ಎಣಿಸಿಕೊಳ್ಳುತ್ತದೆ. ಆದರೂ ಸಾಮಾನು ಕಟ್ಟುವುದು, ಹೊಸ ಭಾಷೆಯಲ್ಲಿ ಹಾಲು ತರಕಾರಿ ಕೇಳುವುದು, ಪರದೇಶದಲ್ಲಿ ಮಕ್ಕಳಾಗುವುದು, ಇವು ಅವರಿಗೂ ತಪ್ಪಿದ್ದಲ್ಲ.

ಆತನ ಮೊತ್ತಮೊದಲ ವರ್ಗಕ್ಕೆ ಮಾತ್ರ ಯಾರೂ ಬಿಡಿಗಾಸನ್ನೂ ಕೊಡಲಿಲ್ಲ. ತುರಾಮ್ ಹುಟ್ಟಿದ್ದು 1972ರ ಜನವರಿ 1ರಂದು, ಕೆರಿಬಿಯನ್ ಸಮುದ್ರದ ಗ್ವಾದಲೂಪ್ ದ್ವೀಪದಲ್ಲಿ. ಆಫ್ರಿಕದಿಂದ ಹಡಗಿನಲ್ಲಿ ತುಂಬಿ ತಂದ ಗುಲಾಮರ ದುಡಿಮೆಯಿಂದ ಕಬ್ಬು ಬೆಳೆದ ನೆಲ ಅದು. ಗುಲಾಮಗಿರಿ 1848ರಲ್ಲಿ ರದ್ದಾಯಿತು. 1946ರಿಂದ ದ್ವೀಪಕ್ಕೆ ದ್ವೀಪವೇ ಫ್ರಾನ್ಸಿನ ಒಂದು ಜಿಲ್ಲೆ. ಮಧ್ಯೆ ಅಟ್ಲಾಂಟಿಕ್ ಸಾಗರವಿದೆ ಎಂಬುದನ್ನು ಬಿಟ್ಟರೆ ಕಾಗದದ ಮೇಲೆ ಯಾವ ವ್ಯತ್ಯಾಸವೂ ಇಲ್ಲ. ಐದು ಮಕ್ಕಳ ತಾಯಿ 1980ರಲ್ಲಿ ಮಕ್ಕಳನ್ನು ಅಲ್ಲಿಯೇ ಬಿಟ್ಟು ದುಡಿಮೆ ಹುಡುಕಿಕೊಂಡು ತಾನೊಬ್ಬಳೇ ಪ್ಯಾರಿಸಿನ ಕಡೆಗೆ ಹೊರಟಳು. ಕಂಡವರ ಮನೆ ಕಟ್ಟಡಗಳನ್ನು ಗುಡಿಸಿ ಒರೆಸುವ ಕೆಲಸ. ಮಾರನೆಯ ವರ್ಷ ಮಕ್ಕಳನ್ನು ಕರೆಸಿಕೊಂಡಳು. ಒಂಬತ್ತು ವರ್ಷದ ಹುಡುಗ ಫ್ರಾನ್ಸಿನಿಂದ ಫ್ರಾನ್ಸಿಗೆ ಬಂದಿಳಿದ.

ಬಂದ ಮೇಲೆ ಏನಾಯಿತೆಂಬುದನ್ನು ಆತ ದೊಡ್ಡವನಾದ ಮೇಲೆ ಮತ್ತೆ ಮತ್ತೆ ಹೇಳಿದ್ದಾನೆ. ಆ ದಿನಗಳಲ್ಲಿ ಅಲ್ಲಿನ ಟೆಲಿವಿಷನ್ನಿನಲ್ಲಿ ಮಕ್ಕಳಿಗಾಗಿ ಒಂದು ಚಿತ್ರಮಾಲೆ ಬರುತ್ತಿತ್ತು. ಅದರಲ್ಲಿ ಪೆದ್ದು ಪೆದ್ದಾದ ಒಂದು ಕರಿಯ ಹಸು. ಶಾಲೆಯ ಹುಡುಗರು ಈತನನ್ನು ಆ ಹಸುವಿನ ಹೆಸರಿನಿಂದ ಕೂಗತೊಡಗಿದರು. ತಾನು ಕರಿಯನಾದದ್ದು ಒಂಬತ್ತನೆಯ ವಯಸ್ಸಿನಲ್ಲಿ ಎನ್ನುತ್ತಾನೆ ತುರಾಮ್. ಅದಕ್ಕೆ ಮೊದಲು ಆತ ಬರೀ ಹುಡುಗನಾಗಿದ್ದ.

ಇದನ್ನು ಓದಿದಾಗ ನನಗೆ ನನ್ನ ಹತ್ತನೆಯ ವರ್ಷ ನೆನಪಾಯಿತು. ನಮ್ಮ ತಂದೆಯವರಿಗೆ ಧಾರವಾಡದ ಕಡೆಯಿಂದ ಮೈಸೂರಿಗೆ ವರ್ಗವಾಗಿತ್ತು. ಹೊಸ ಶಾಲೆಯಲ್ಲಿ ಮೊದಲ ದಿನ ಮೇಷ್ಟ್ರು ಪುಸ್ತಕ ಎಲ್ಲಿ ಎಂದು ಕೇಳಿದರು. "ತಂದೀನ್ರಿ ಸರ" ಎಂದೆ. ತರಗತಿಗೆ ತರಗತಿಯೇ ಗೊಳ್ಳೆಂದು ನಕ್ಕಿತು; ಮೇಷ್ಟ್ರೂ ನಕ್ಕರು. ಆ ವರ್ಷವೆಲ್ಲ 'ರೀ' ಎಂಬುದೇ ನನ್ನ ಹೆಸರು. ಸಂಜೆ ಮೈದಾನದಲ್ಲಿ "ಆ ರೀಯನ್ನ ಬ್ಯಾಕಿಗೆ ನಿಲ್ಸೋ" ಎನ್ನುತ್ತಿದ್ದರು. ಕನ್ನಡದಿಂದ ಕನ್ನಡಕ್ಕೆ ಬಂದು ಪರಕೀಯನಾದ ಕಥೆ ಇದು. ಆದರೆ ಇದನ್ನೂ ಅದನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾರೆ. ನಾನು ಮೂರು ತಿಂಗಳಲ್ಲಿ ನಾಲಗೆಯನ್ನು ತಿದ್ದಿಕೊಂಡೆ. ಮನೆಯೊಳಗೆ ಒಂದು ಕನ್ನಡ, ಹೊಸಲು ದಾಟಿದರೆ ಇನ್ನೊಂದು. ಮೈಯ ಬಣ್ಣವನ್ನು ಹೀಗೆ ಹೊಸಲಿನಲ್ಲಿ ಕಳಚಿಟ್ಟು ಹೋಗುವುದಕ್ಕೆ ಆಗುವುದಿಲ್ಲ.

ಆ ಹುಡುಗನನ್ನು ಮೊದಲು ಆಟಕ್ಕೆ ಸೇರಿಸಿಕೊಂಡದ್ದು ಫಾಂತೆನ್‌ಬ್ಲೋ ಪಟ್ಟಣದಲ್ಲಿ ನೆಲೆಸಿದ ಪೋರ್ಚುಗೀಸರ ಒಂದು ಸಣ್ಣ ಕ್ಲಬ್ಬು. ಹೊರಗಿನಿಂದ ಬಂದವನಿಗೆ ಹೊರಗಿನಿಂದ ಬಂದವರೇ ಜಾಗ ಕೊಟ್ಟರು. ಅಲ್ಲಿಂದ ಮೊನಾಕೊ. ಮುಂದೆ ಇಂಗ್ಲೆಂಡಿನಲ್ಲಿ ಹೆಸರಾದ ಆರ್ಸೆನ್ ವೆಂಗರ್ ಆಗ ಅಲ್ಲಿ ತರಬೇತಿಗಾರ. 1996ರಲ್ಲಿ ಇಟಲಿಯ ಪಾರ್ಮಾ.

ಇಟಲಿ ಎಂದರೆ ಬ್ಯಾಕುಗಳ ಕಾಶಿ. ಉಳಿದೆಡೆ ಬ್ಯಾಕು ನಿಲ್ಲುವುದು ಒಂದು ಕೆಲಸ. ಅಲ್ಲಿ ಅದು ವಿದ್ಯೆ. ಚೆಂಡಿದ್ದವನಿಗೆ ತಾನು ಏನು ಮಾಡುತ್ತೇನೆಂದು ಗೊತ್ತು, ಬ್ಯಾಕಿಗೆ ಗೊತ್ತಿಲ್ಲ; ಆದ್ದರಿಂದ ಅವಸರದಿಂದ ಮೇಲೆ ಬೀಳುವವನು ಕೆಟ್ಟ. ಮೈಯನ್ನು ಅರೆವಾಸಿ ತಿರುಗಿಸಿ ನಿಂತು, ಎದುರಾಳಿಗೆ ಒಂದು ದಾರಿಯನ್ನು ಬೇಕೆಂದೇ ತೆರೆದಿಟ್ಟು, ಅವನು ಅದೇ ತನ್ನ ಜಾಣತನವೆಂದು ನುಗ್ಗಿ ಬಂದಾಗ ಚೆಂಡನ್ನು ಎತ್ತಿಕೊಳ್ಳಬೇಕು. ಅದಕ್ಕಿಂತ ಕಷ್ಟದ್ದು ನಾಲ್ವರು ಬ್ಯಾಕುಗಳು ಬಿಗಿಯಾಗಿ ಕಟ್ಟಿದ ಬಟ್ಟೆಯ ಹಗ್ಗದಂತೆ ಒಂದೇ ನೇರದಲ್ಲಿ ಹಿಂದಕ್ಕೂ ಮುಂದಕ್ಕೂ ಸರಿಯುವುದು. ಹಗ್ಗ ನೇರವಾಗಿದ್ದರೆ ಅದನ್ನು ಮೀರಿ ಹಿಂದೆ ನುಸುಳಿ ನಿಂತ ಎದುರಾಳಿಗೆ ಚೆಂಡು ಬಂದರೂ ಆಫ್‌ಸೈಡು, ಗೋಲು ಲೆಕ್ಕಕ್ಕಿಲ್ಲ. ಒಬ್ಬ ಒಂದು ಹೆಜ್ಜೆ ಹಿಂದೆ ಉಳಿದು ಹಗ್ಗ ಜೋತುಬಿತ್ತೋ, ಉಳಿದ ಮೂವರ ಶ್ರಮವೂ ನೀರಿನಲ್ಲಿ ಹೋಮ. ಸಂಸಾರದಲ್ಲಿಯೂ ಹೀಗೆಯೇ ಎಂದು ನನ್ನ ಹೆಂಡತಿ ಅಂದಳು. ನಾನು ಮಾತು ಬೆಳೆಸಲಿಲ್ಲ.

ಗಿಣ್ಣು ಮತ್ತು ಹಂದಿಮಾಂಸಕ್ಕೆ ಪ್ರಸಿದ್ಧವಾದ ಪಾರ್ಮಾ ದೊಡ್ಡ ಊರೇನಲ್ಲ. ಆದರೆ ಆ ಕೆಲವು ವರ್ಷ ಅಲ್ಲಿ ಗೋಲಿನಲ್ಲಿ ಬುಫೊನ್, ಅವನ ಮುಂದೆ ಕನ್ನವಾರೊ, ತುರಾಮ್. 1999ರ ಮೇ 12ರಂದು ಮಾಸ್ಕೋದಲ್ಲಿ ಅವರು ಫ್ರಾನ್ಸಿನ ಮಾರ್ಸೇ ತಂಡವನ್ನು 3-0ಯಿಂದ ಸೋಲಿಸಿ ಯುಎಫಾ ಕಪ್ಪನ್ನು ಗೆದ್ದರು. ವೃತ್ತಿಯ ಆಟದಲ್ಲಿ ಇದೂ ಒಂದು ಸೋಜಿಗ: ಕೂಲಿ ಕೊಟ್ಟ ಊರಿನ ಪರವಾಗಿ ಹುಟ್ಟಿದ ದೇಶದ ತಂಡವನ್ನು ತಡೆಯಬೇಕು. ಯಾರೂ ಇದನ್ನು ದ್ರೋಹವೆನ್ನುವುದಿಲ್ಲ. ದ್ರೋಹದ ಮಾತು ಬರುವುದು ದೇಶದ ಅಂಗಿ ತೊಟ್ಟಾಗ.

ಈಗ ಆ ರಾತ್ರಿಯ ಮಾತು. 1998ರ ಜುಲೈ 8, ವಿಶ್ವಕಪ್ಪಿನ ಸೆಮಿಫೈನಲ್, ಪ್ಯಾರಿಸಿನ ಪಕ್ಕದ ಸೇಂದನಿಯಲ್ಲಿ. ಎದುರಿಗೆ ಕ್ರೊಯೇಷಿಯ. ನಮ್ಮ ಗಡಿಯಾರದಲ್ಲಿ ಆಗ ರಾತ್ರಿ ಹನ್ನೆರಡೂವರೆ. ನಾನಾಗ ಶಿವಮೊಗ್ಗದಲ್ಲಿದ್ದೆ, ಹೊರಗೆ ಆಷಾಢದ ಮಳೆ, ಒಳಗೆ ಟೆಲಿವಿಷನ್ನಿನ ಧ್ವನಿಯನ್ನು ಪೂರ್ತಿ ತಗ್ಗಿಸಿಕೊಂಡು ನಾನು ಮತ್ತು ಪಕ್ಕದ ಮನೆಯ ಕಾಲೇಜು ಹುಡುಗ. ಆ ವಿಶ್ವಕಪ್ಪಿನಲ್ಲಿ ಫ್ರಾನ್ಸ್ ಏಳು ಪಂದ್ಯ ಆಡಿ ಬಿಟ್ಟುಕೊಟ್ಟದ್ದು ಎರಡೇ ಗೋಲು. ಅದರಲ್ಲಿ ಒಂದು ಪೆನಾಲ್ಟಿ. ಇನ್ನೊಂದು ಈ ರಾತ್ರಿಯದು. ವಿರಾಮದ ನಂತರ ಆಟ ಶುರುವಾಗಿ ನಿಮಿಷ ಕಳೆದಿತ್ತೋ ಇಲ್ಲವೋ, ಕ್ರೊಯೇಷಿಯದ ಶುಕರ್ ಬ್ಯಾಕುಗಳ ಹಿಂದೆ ನುಸುಳಿ ಗೋಲು ಹೊಡೆದ. ಮೂವರು ಮುಂದೆ ಸರಿದಿದ್ದರು, ಒಬ್ಬ ಹಿಂದೆ ಉಳಿದಿದ್ದ. ಹಗ್ಗ ಜೋತುಬಿದ್ದದ್ದು ತುರಾಮ್ ನಿಂತಿದ್ದ ತುದಿಯಲ್ಲಿ.

ಇಲ್ಲಿಗೆ ಮುಗಿದಿದ್ದರೆ ಮಾರನೆಯ ದಿನ ಆತನ ಹೆಸರು ಖಂಡಿತ ಅಚ್ಚಾಗುತ್ತಿತ್ತು. ಆದರೆ ಮರುನಿಮಿಷದಲ್ಲಿಯೇ ಆತ ಎಲ್ಲಿಂದಲೋ ಮುಂದಕ್ಕೆ ನುಗ್ಗಿ, ಕ್ರೊಯೇಷಿಯದ ನಾಯಕ ಬೊಬಾನನ ಕಾಲಿನಿಂದ ಚೆಂಡನ್ನು ಕಿತ್ತು, ಜೊರ್ಕೇಫ್ ತಿರುಗಿಸಿ ಕೊಟ್ಟದ್ದನ್ನು ಗೋಲಿಗೆ ಸೇರಿಸಿದ. ಎಪ್ಪತ್ತನೆಯ ನಿಮಿಷದಲ್ಲಿ ಮತ್ತೊಂದು. ಅದೂ ದೂರದಿಂದ, ತನಗೆ ರೂಢಿಯಿಲ್ಲದ ಎಡಗಾಲಿನಲ್ಲಿ. ಹೊಡೆದವನು ಕುಣಿಯಲಿಲ್ಲ, ಅಂಗಿ ಕಳಚಿ ಬೀಸಲಿಲ್ಲ. ಮಂಡಿಯೂರಿ ಕುಳಿತು ತುಟಿಯ ಮೇಲೆ ಬೆರಳಿಟ್ಟುಕೊಂಡ, ಲೆಕ್ಕ ತಾಳೆಯಾಗದ ಗುಮಾಸ್ತ ಖಾತೆಯನ್ನು ನೋಡುತ್ತ ಕೂತಹಾಗೆ. "ಇವನಿಗೇ ಗೊತ್ತಿಲ್ಲ ಅಂಕಲ್, ಏನಾಯ್ತು ಅಂತ" ಎಂದ ಪಕ್ಕದ ಮನೆಯ ಹುಡುಗ. ಅನಂತರ ತುರಾಮನೂ ಹೆಚ್ಚು ಕಡಮೆ ಅದನ್ನೇ ಹೇಳಿದ. ನಾಲ್ಕು ದಿನದ ಮೇಲೆ ಫ್ರಾನ್ಸ್ ಬ್ರೆಜಿಲನ್ನು 3-0ಯಿಂದ ಸೋಲಿಸಿ ಮೊದಲ ಸಲ ವಿಶ್ವಕಪ್ ಗೆದ್ದಿತು. ಆ ಕಪ್ಪಿನ ಅತ್ಯುತ್ತಮ ಆಟಗಾರರಲ್ಲಿ ಮೊದಲನೆಯ ಸ್ಥಾನ ರೊನಾಲ್ಡೊಗೆ, ಎರಡನೆಯದು ಶುಕರ್‌ಗೆ. ಇಬ್ಬರೂ ಗೋಲು ಹೊಡೆಯುವುದೇ ಕಸುಬಾದವರು. ಮೂರನೆಯವನು ಈ ಬ್ಯಾಕು.

ಆ ತಂಡದ ಬಗೆಗೆ ಅದಕ್ಕೆ ಎರಡು ವರ್ಷ ಮೊದಲೇ, 1996ರಲ್ಲಿ, ಲ ಪೆನ್ ಎಂಬ ರಾಜಕಾರಣಿ ಹೊರಗಿನವರನ್ನು ತಂದು ಫ್ರಾನ್ಸಿನ ತಂಡವೆಂದು ಹೆಸರಿಡುವುದು ಕೃತಕ ಎಂದಿದ್ದ. ಕಪ್ ಬಂದ ಮೇಲೆ ಬೀದಿಯೆಲ್ಲ ಕುಣಿಯಿತು. ಕರಿಯರು, ಬಿಳಿಯರು, ಅರಬರು ಒಂದಾದರೆಂದು ಪತ್ರಿಕೆಗಳು ಬರೆದವು. ನನಗೆ ಇಂಥ ಸಂತೋಷದಲ್ಲಿ ಅಷ್ಟು ನಂಬಿಕೆಯಿಲ್ಲ. ಗೆದ್ದ ದಿನ ಎಲ್ಲರೂ ಮನೆಯ ಮಕ್ಕಳೇ. ಸೋತ ದಿನ ತಾನೆ ವಂಶಾವಳಿಯನ್ನು ಕೇಳುವುದು.

ಮೂರು ವರ್ಷ ಕಳೆಯಿತು. 2001ರ ಅಕ್ಟೋಬರ್ 6ರಂದು ಅದೇ ಮೈದಾನದಲ್ಲಿ ಫ್ರಾನ್ಸಿಗೂ ಆಲ್ಜೀರಿಯಕ್ಕೂ ಸ್ನೇಹದ ಪಂದ್ಯ. ಆಲ್ಜೀರಿಯ 1962ರಲ್ಲಿ ಸ್ವತಂತ್ರವಾದ ಮೇಲೆ ಎರಡು ದೇಶಗಳ ತಂಡಗಳು ಹೀಗೆ ಎದುರುಬದುರಾದದ್ದು ಅದೇ ಮೊದಲು. ಫ್ರಾನ್ಸಿನ ರಾಷ್ಟ್ರಗೀತೆಗೆ ಸಿಳ್ಳೆ ಹಾಕಿದರು. ಫ್ರಾನ್ಸ್ 4-1ರಿಂದ ಮುಂದಿದ್ದಾಗ, ಇನ್ನೂ ಕಾಲು ಗಂಟೆಯ ಆಟ ಉಳಿದಿರುವಂತೆಯೇ, ಹುಡುಗರು ಬೇಲಿ ಹಾರಿ ಮೈದಾನಕ್ಕೆ ನುಗ್ಗಿದರು. ಬಹುಮಟ್ಟಿಗೆ ಪ್ಯಾರಿಸಿನ ಸುತ್ತಮುತ್ತಲಿನ ಬಡಾವಣೆಗಳ ಹುಡುಗರು; ತುರಾಮ್ ಬೆಳೆದಂಥ ಬಡಾವಣೆಗಳವರು. ಪಂದ್ಯ ಅಲ್ಲಿಗೇ ನಿಂತಿತು. ಆಟಗಾರರು ಒಳಕ್ಕೆ ಓಡಿದರು. ತುರಾಮ್ ಓಡಲಿಲ್ಲ. ಒಬ್ಬ ಹುಡುಗನನ್ನು ಹಿಡಿದು ನಿಲ್ಲಿಸಿ, ಏನು ಮಾಡುತ್ತಿದ್ದೀಯೆಂಬ ಅರಿವು ನಿನಗಿದೆಯೇ ಎಂದು ಮೈಯೆಲ್ಲ ನಡುಗುವಷ್ಟು ಸಿಟ್ಟಿನಿಂದ ಗದರಿದ. ಆತನ ಆಟದ ಚಿತ್ರಗಳೆಲ್ಲಕ್ಕಿಂತ ನನ್ನ ಮನಸ್ಸಿನಲ್ಲಿ ನಿಂತಿರುವುದು ಈ ಚಿತ್ರ. ಚೆಂಡು ಹತ್ತಿರದಲ್ಲೆಲ್ಲಿಯೂ ಇಲ್ಲ. ಆದರೂ ಆತ ಮಾಡುತ್ತಿದ್ದುದು ಬ್ಯಾಕಿನ ಕೆಲಸವೇ. ಎದುರಾಳಿ ಎಲ್ಲಿಂದ ಬರುತ್ತಾನೆಂದು ಆತನಿಗೆ ಕಂಡಿತ್ತು. ಈ ಹುಡುಗರ ಹತ್ತು ನಿಮಿಷದ ಹುಡುಗಾಟ ನಾಳೆ ಯಾರ ಭಾಷಣಕ್ಕೆ ಸರಕಾಗುತ್ತದೆಂಬುದು ಹುಡುಗರಿಗೆ ತಿಳಿದಿರಲಿಲ್ಲ.

2005ರಲ್ಲಿ ಅಂಥವೇ ಬಡಾವಣೆಗಳು ಹೊತ್ತಿ ಉರಿದವು. ಗೃಹಮಂತ್ರಿಯಾಗಿದ್ದ ಸಾರ್ಕೋಜಿ ಅಲ್ಲಿನ ಪುಂಡರನ್ನು ಹೊಲಸು ಎಂಬರ್ಥ ಬರುವ ಮಾತಿನಿಂದ ಕರೆದ. ತಾನೂ ಅಲ್ಲಿ ಬೆಳೆದವನು, ತನ್ನನ್ನೂ ಹಾಗೆ ಕರೆಯುತ್ತಿದ್ದರು, ತನಗೆ ಬೇಕಾಗಿದ್ದುದು ದುಡಿಮೆ ಎಂದು ತುರಾಮ್ ಉತ್ತರ ಕೊಟ್ಟ. ಮರುವರ್ಷದ ವಿಶ್ವಕಪ್ಪಿನ ಹೊತ್ತಿಗೆ ಲ ಪೆನ್ ಮತ್ತೆ ತಂಡದಲ್ಲಿ ಬಣ್ಣದವರು ಹೆಚ್ಚಾದರೆಂದು ರಾಗ ತೆಗೆದಾಗ, ಫ್ರೆಂಚರಲ್ಲಿ ಕರಿಯರೂ ಇದ್ದಾರೆ, ಬಿಳಿಯರೂ ಇದ್ದಾರೆ, ದೇಶದ ಅಧ್ಯಕ್ಷನಾಗಬಯಸುವವನಿಗೆ ದೇಶದ ಚರಿತ್ರೆ ಗೊತ್ತಿಲ್ಲವಲ್ಲ ಎಂದ. ಕೂಗಾಡಲಿಲ್ಲ. ಅರೆವಾಸಿ ತಿರುಗಿ ನಿಂತು, ದಾರಿ ಬಿಟ್ಟು, ಚೆಂಡನ್ನು ಎತ್ತಿಕೊಂಡ ಹಾಗಿತ್ತು.

ಅಷ್ಟರಲ್ಲಿ ಆತ ಪಾರ್ಮಾ ಬಿಟ್ಟು ಐದು ವರ್ಷವಾಗಿತ್ತು. 2001ರಲ್ಲಿ ಟ್ಯೂರಿನ್ನಿನ ಯುವೆಂಟಸ್ ಆತನನ್ನೂ ಬುಫೊನನನ್ನೂ ಒಟ್ಟಿಗೆ ಕೊಂಡಿತ್ತು. ಕನ್ನವಾರೊ ಆಮೇಲೆ ಬಂದು ಸೇರಿಕೊಂಡ. ಹಳೆಯ ಕಚೇರಿಯ ಸಹೋದ್ಯೋಗಿಗಳು ಹೊಸ ಊರಿನಲ್ಲಿ ಮತ್ತೆ ಒಂದೇ ಮೇಜಿಗೆ ಬಂದಂತೆ. 2006ರ ಜುಲೈ 9ರಂದು ಬರ್ಲಿನ್ನಿನಲ್ಲಿ ನಡೆದ ವಿಶ್ವಕಪ್ ಫೈನಲ್ಲನ್ನು ಜನ ನೆನೆಯುವುದು ಜಿದಾನ್ ತಲೆಯಿಂದ ಗುದ್ದಿದ್ದಕ್ಕಾಗಿ. ನಾನು ನೋಡಿದ್ದು ಬೇರೆ. ಇಟಲಿಯ ಕಡೆ ಬುಫೊನ್, ಕನ್ನವಾರೊ, ಜಂಬ್ರೊಟ, ದೆಲ್ ಪಿಯೆರೊ. ಫ್ರಾನ್ಸಿನ ಕಡೆ ತುರಾಮ್, ವಿಯೇರ, ತ್ರೆಜಗೆ. ಇಷ್ಟು ಮಂದಿಗೂ ಸಂಬಳ ಬರುತ್ತಿದ್ದುದು ಒಂದೇ ಯುವೆಂಟಸ್ಸಿನಿಂದ. ಫ್ರಾನ್ಸ್ ಪೆನಾಲ್ಟಿಗಳಲ್ಲಿ ಸೋತಿತು. ಐದು ದಿನ ಕಳೆದು, ಜುಲೈ 14ರಂದು, ಪಂದ್ಯಗಳ ರೆಫರಿಗಳ ನೇಮಕದಲ್ಲಿ ಕೈಯಾಡಿಸಿದ ಹಗರಣದ ತೀರ್ಪು ಬಂದು ಯುವೆಂಟಸ್ಸನ್ನು ಎರಡನೆಯ ದರ್ಜೆಗೆ ತಳ್ಳಲಾಯಿತು. ತುರಾಮ್ ಆಡಿ ಗೆದ್ದ ನಾಲ್ಕು ಲೀಗ್ ಪ್ರಶಸ್ತಿಗಳಲ್ಲಿ ಎರಡನ್ನು ಕಾಗದದಿಂದ ಅಳಿಸಿದರು. ತಪ್ಪು ಮೇಲಿನ ಅಧಿಕಾರಿಗಳದು. ಪೆಟ್ಟಿಗೆ ಕಟ್ಟಿದ್ದು ಆಟಗಾರರು. ನೌಕರಿಯಲ್ಲಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕನ್ನವಾರೊ ಮ್ಯಾಡ್ರಿಡ್ಡಿಗೆ, ವಿಯೇರ ಮಿಲಾನಿಗೆ, ತುರಾಮನೂ ಜಂಬ್ರೊಟನೂ ಬಾರ್ಸಿಲೋನಾಗೆ.

ಬಾರ್ಸಿಲೋನಾದ ಎರಡು ವರ್ಷದ ಬಗೆಗೆ ಹೆಚ್ಚು ಹೇಳುವುದಕ್ಕಿಲ್ಲ. ಮೂವತ್ತನಾಲ್ಕು ದಾಟಿದ್ದ ಆತನಿಗೆ ಬೆಂಚಿನ ಮೇಲೆ ಕೂರುವ ದಿನಗಳು ಹೆಚ್ಚಾದವು. 2008ರಲ್ಲಿ ಪ್ಯಾರಿಸಿನ ತಂಡವೊಂದಕ್ಕೆ ಸೇರಿ ಕೊನೆಯ ವರ್ಗವನ್ನು ಮನೆಯ ಹತ್ತಿರಕ್ಕೇ ಮಾಡಿಸಿಕೊಳ್ಳುವುದರಲ್ಲಿದ್ದ. ಸೇರುವ ಮುನ್ನ ವೈದ್ಯರು ಪರೀಕ್ಷೆ ಮಾಡಿದಾಗ ಹೃದಯದಲ್ಲಿ ದೋಷವಿರುವುದು ಗೊತ್ತಾಯಿತು. ಆತನ ಅಣ್ಣತಮ್ಮಂದಿರಲ್ಲೊಬ್ಬ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದಾಗಲೇ ಹೃದಯ ನಿಂತು ತೀರಿಕೊಂಡಿದ್ದ. ತುರಾಮ್ ಆಟ ನಿಲ್ಲಿಸಿದ.

ನಿವೃತ್ತರಾದ ಆಟಗಾರರು ಸಾಮಾನ್ಯವಾಗಿ ತರಬೇತಿಗಾರರಾಗುತ್ತಾರೆ, ಇಲ್ಲವೇ ಟೆಲಿವಿಷನ್ನಿನಲ್ಲಿ ಕುಳಿತು ಈಗಿನವರಿಗೆ ಆಟವೇ ಬರುವುದಿಲ್ಲ ಎನ್ನುತ್ತಾರೆ. ಈತ ಅದೇ ವರ್ಷ ಜನಾಂಗದ್ವೇಷದ ವಿರುದ್ಧ ಮಕ್ಕಳಿಗೆ ಪಾಠ ಹೇಳಲೆಂದು ಒಂದು ಪ್ರತಿಷ್ಠಾನವನ್ನು ಕಟ್ಟಿದ. 2011ರ ಕೊನೆಯಲ್ಲಿ ಪ್ಯಾರಿಸಿನ ಕೇ ಬ್ರಾನ್ಲಿ 'ವಸ್ತುಸಂಗ್ರಹಾಲಯ'ದಲ್ಲಿ ಒಂದು ಪ್ರದರ್ಶನದ ಮೇಲ್ವಿಚಾರಣೆ ವಹಿಸಿದ. ಯೂರೋಪಿನವರು ಆಫ್ರಿಕ, ಏಷ್ಯ, ಪೆಸಿಫಿಕ್ ದ್ವೀಪಗಳ ಜನರನ್ನು ತಂದು, ಮೃಗಾಲಯದಲ್ಲಿ ಪ್ರಾಣಿಗಳನ್ನಿಟ್ಟಂತೆ, ಟಿಕೆಟ್ಟಿಟ್ಟು ತೋರಿಸುತ್ತಿದ್ದ ಚರಿತ್ರೆಯನ್ನು ಕುರಿತದ್ದು ಅದು. ದೂರದ ಚರಿತ್ರೆಯಲ್ಲ. 1998ರ ತಂಡದಲ್ಲಿ ಆತನ ಜೊತೆ ಆಡಿದ ಕರಾಂಬ್ಯು ನ್ಯೂ ಕ್ಯಾಲಿಡೋನಿಯದವನು. ಅವನ ಮುತ್ತಜ್ಜನನ್ನು 1931ರಲ್ಲಿ ಪ್ಯಾರಿಸಿನಲ್ಲಿ ಹಾಗೆ ನಿಲ್ಲಿಸಿ ತೋರಿಸಿದ್ದರು. ಮುತ್ತಜ್ಜನನ್ನು ನೋಡಲು ಟಿಕೆಟ್ಟು ಕೊಂಡ ಊರು, ಮರಿಮಗನಿಗಾಗಿ ಬೀದಿಯಲ್ಲಿ ಕುಣಿದಿತ್ತು. ನಡುವೆ ಅರುವತ್ತೇಳು ವರ್ಷ.

ಆತನ ಎಲ್ಲ ಮಾತೂ ನನಗೆ ಒಪ್ಪಿಗೆಯೆಂದಲ್ಲ. 2010ರ ವಿಶ್ವಕಪ್ಪಿನಲ್ಲಿ ಫ್ರಾನ್ಸಿನ ಆಟಗಾರರು ದಕ್ಷಿಣ ಆಫ್ರಿಕದಲ್ಲಿ ತರಬೇತಿಯನ್ನು ಬಹಿಷ್ಕರಿಸಿ ನಗೆಪಾಟಲಾದಾಗ, ಫೆಡರೇಷನ್ನಿನ ಮಂಡಲಿಯಲ್ಲಿದ್ದ ತುರಾಮ್, ನಾಯಕನಾಗಿದ್ದ ಎವ್ರ ಮತ್ತೆಂದೂ ದೇಶದ ಪರವಾಗಿ ಆಡಕೂಡದು ಎಂದ. ನನಗೆ ಅದು ಅತಿಯೆನಿಸಿತು. ಮೈದಾನಕ್ಕೆ ನುಗ್ಗಿದ ಹುಡುಗನನ್ನು ಗದರಿದ ದನಿಯೇ ಇದು. ಆದರೆ ಅಲ್ಲಿ ಆ ಹುಡುಗನ ಮೇಲೆ ಅಕ್ಕರೆಯೂ ಇತ್ತು. ತನ್ನವರು ಎಡವಕೂಡದೆಂದು ಜೀವಮಾನವೆಲ್ಲ ಕಾದವನಿಗೆ ಎಡವಿದವರನ್ನು ಕ್ಷಮಿಸುವುದು ಕಷ್ಟವೋ ಏನೋ. ಎವ್ರನೂ ಸುಮ್ಮನಿರಲಿಲ್ಲವೆನ್ನಿ, ಖಾರವಾಗಿಯೇ ಉತ್ತರ ಕೊಟ್ಟ.

ತುರಾಮನಿಗೆ ಇಬ್ಬರು ಗಂಡುಮಕ್ಕಳು, ಇಬ್ಬರೂ ಇಟಲಿಯಲ್ಲಿ ಹುಟ್ಟಿದವರು. ಕರಿಯರ ನಾಯಕ ಮಾರ್ಕಸ್ ಗಾರ್ವಿಯ ನೆನಪಿಗೆ ಹಿರಿಯವನಿಗೆ ಮಾರ್ಕಸ್ ಎಂದು, ಈಜಿಪ್ಟಿನ ಫೇರೊ ಒಬ್ಬನ ಹೆಸರಿನಿಂದ ಕಿರಿಯವನಿಗೆ ಕೆಫ್ರೆನ್ ಎಂದು ಹೆಸರಿಟ್ಟ. ಇಬ್ಬರೂ ಫುಟ್‌ಬಾಲನ್ನೇ ಹಿಡಿದರು, ಇಬ್ಬರೂ ಬ್ಯಾಕಿಗೆ ನಿಲ್ಲಲಿಲ್ಲ. 2025ರ ಸೆಪ್ಟೆಂಬರ್ 13ರಂದು ಟ್ಯೂರಿನ್ನಿನಲ್ಲಿ ಯುವೆಂಟಸ್ಸಿಗೂ ಇಂಟರ್ ಮಿಲಾನಿಗೂ ಪಂದ್ಯ. ಅಣ್ಣ ಇಂಟರಿನ ಕಡೆ, ತಮ್ಮ ಅಪ್ಪನ ಹಳೆಯ ಯುವೆಂಟಸ್ಸಿನ ಕಡೆ. ಅಣ್ಣ ಗೋಲು ಹೊಡೆದು ತನ್ನ ತಂಡವನ್ನು ಮುಂದೆ ಮಾಡಿದ. ಸ್ವಲ್ಪ ಹೊತ್ತಿನಲ್ಲಿ ತಮ್ಮ ಹೊಡೆದು ಸರಿಗಟ್ಟಿಸಿದ. ಕೊನೆಗೆ ಯುವೆಂಟಸ್ 4-3ರಿಂದ ಗೆದ್ದಿತು. ಅಪ್ಪ 142 ಪಂದ್ಯಗಳಲ್ಲಿ ದೇಶಕ್ಕಾಗಿ ಹೊಡೆದಷ್ಟನ್ನು ಮಕ್ಕಳು ಒಂದು ಸಂಜೆಯಲ್ಲಿ ಹೊಡೆದು ಮುಗಿಸಿದರು. ಮರುದಿನದ ಪತ್ರಿಕೆಯಲ್ಲಿ ಎರಡೂ ಕಡೆಯ ಬ್ಯಾಕುಗಳ ಹೆಸರು ಬಂದೇ ಇರಬೇಕು. ಇಬ್ಬರೂ ಸೇರಿ ಏಳು ಗೋಲು ಬಿಟ್ಟುಕೊಟ್ಟಿದ್ದರಲ್ಲ.